ಕೊಚ್ಚಿಯಿಂದ ಕೊಲ್ಲಂವರೆಗೆ ನೀರಿನ ಮೇಲೆ: ದಾವಣಗೆರೆ, ಚಿತ್ರದುರ್ಗದವರು ಯಾವ ದಾರಿ ಆರಿಸಿಕೊಳ್ಳಬೇಕು?

ಸೂಳೆಕೆರೆ, ವಾಣಿವಿಲಾಸ ಸಾಗರಗಳಂಥ ನಿಂತ ನೀರನ್ನು ಕಂಡು ಬೆಳೆದ ನಮ್ಮ ಎರಡು ಜಿಲ್ಲೆಗಳ ಜನರಿಗೆ, ಬೆಳಗ್ಗೆ ಒಂದು ಊರಿನಲ್ಲಿ ದೋಣಿ ಹತ್ತಿ ಸಂಜೆ ಇನ್ನೊಂದು ಊರಿನಲ್ಲಿ ಇಳಿಯುವ ಪ್ರಯಾಣ ಅಪರೂಪದ್ದು. ಕಡಲಿನ ಅಲೆಗೆ ಸಿಗದೆ, ಕರಾವಳಿಯ ಪಕ್ಕದಲ್ಲಿಯೇ ಒಳನಾಡಿನ ನೀರಿನಲ್ಲಿ ದಕ್ಷಿಣಕ್ಕೆ ಸಾಗುವ ಅಂಥ ದಾರಿ ಕೇರಳದಲ್ಲಿದೆ. ಆದರೆ ಅಲ್ಲಿಗೆ ಹೊರಡುವ ಬಹುಪಾಲು ಕುಟುಂಬಗಳು ‘ಅಲೆಪ್ಪಿಯಲ್ಲಿ (ಅಂದರೆ ಆಲಪ್ಪುಳದಲ್ಲಿ) ಒಂದು ರಾತ್ರಿ ಹೌಸ್‌ಬೋಟ್’ ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡು, ಉಳಿದುದನ್ನೆಲ್ಲ ಅದರ ಸುತ್ತ ಹೊಂದಿಸುತ್ತವೆ. ನೀರಿನ ಮೇಲೆ ತಂಗಬೇಕೋ, ನೀರಿನ ಮೇಲೆ ಪ್ರಯಾಣ ಮಾಡಬೇಕೋ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಹೌಸ್‌ಬೋಟ್ ಹತ್ತಿಸಿಕೊಂಡ ಜಾಗಕ್ಕೇ ಮರಳಿ ತಂದು ಇಳಿಸುತ್ತದೆ. ಅದರಲ್ಲಿ ದಕ್ಷಿಣಕ್ಕೆ ಹೋದಂತಾಗುವುದಿಲ್ಲ. ಎರಡೂ ಒಳ್ಳೆಯ ಅನುಭವಗಳೇ, ಆದರೆ ಎರಡಕ್ಕೂ ಬೇಕಾಗುವ ದಿನ, ದುಡ್ಡು ಮತ್ತು ಸಿದ್ಧತೆ ಬೇರೆ ಬೇರೆ.

ಮೊದಲ ಆಯ್ಕೆ: ನಮ್ಮದೇ ಕರಾವಳಿ

ಎರಡೇ ದಿನ ರಜೆ ಇರುವವರು ಕೇರಳದ ಯೋಚನೆಯನ್ನು ಬಿಟ್ಟು ಘಟ್ಟ ಇಳಿಯುವುದು ಲೇಸು. ದಾವಣಗೆರೆಯಿಂದ ಶಿವಮೊಗ್ಗ, ಹೊಸನಗರ, ಹುಲಿಕಲ್ ಘಾಟಿಯ ಮೂಲಕ ಕುಂದಾಪುರಕ್ಕೆ, ಆಗುಂಬೆಯ ಮೂಲಕ ಉಡುಪಿಗೆ, ಸಾಗರ–ಜೋಗದ ಮೇಲಿಂದ ಹೊನ್ನಾವರಕ್ಕೆ ಒಂದೇ ಹಗಲಿನಲ್ಲಿ ತಲುಪಬಹುದು. ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವಲ್ಲಿ ಕಾಂಡ್ಲಾ ಗಿಡಗಳ ನಡುವೆ ದೋಣಿಯಲ್ಲಿ ಸುತ್ತಾಡಿಸುತ್ತಾರೆ. ಕಾಂಡ್ಲಾ ವನದೊಳಗೆ ನಡೆದು ನೋಡಲು ಮರದ ಹಾದಿಯೂ ಇದೆ. ಉಡುಪಿಯ ಕೋಡಿಬೆಂಗ್ರೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ, ನಡುವೆ ಕಿರಿದಾದ ಮರಳು ನಾಲಗೆಯ ಮೇಲೆ ಊರು. ಸೀತಾ ಮತ್ತು ಸ್ವರ್ಣಾ ನದಿಗಳು ಸಮುದ್ರಕ್ಕೆ ಸೇರುವ ಈ ಜಾಗದಲ್ಲಿ ಒಂದು ಸಂಜೆ ಕಳೆದರೆ ಕರಾವಳಿಯ ಒಳನೀರು ಹೇಗಿರುತ್ತದೆ ಎಂಬುದು ಚೆನ್ನಾಗಿ ಅರ್ಥವಾಗುತ್ತದೆ.

ಮಿತಿಯೊಂದಿದೆ. ಕರ್ನಾಟಕದಲ್ಲಿ ಘಟ್ಟ ಕಡಲಿಗೆ ಹತ್ತಿರವಾಗಿರುವುದರಿಂದ ನದಿಗಳು ನೇರವಾಗಿ ಇಳಿದು ಸಮುದ್ರ ಸೇರುತ್ತವೆ, ಒಂದು ಅಳಿವೆಗೂ ಮುಂದಿನ ಅಳಿವೆಗೂ ನಡುವೆ ಮುರಕಲ್ಲಿನ ಗುಡ್ಡಗಳಿವೆ. ಹೀಗಾಗಿ ಹೊನ್ನಾವರದಿಂದ ಕುಂದಾಪುರಕ್ಕೋ ಉಡುಪಿಗೋ ಒಳನೀರಿನಲ್ಲೇ ಹೋಗುವ ಹಾದಿಯಿಲ್ಲ. ಇಲ್ಲಿ ಸಿಗುವುದು ಒಂದೆರಡು ಗಂಟೆಯ ವಿಹಾರ. ಮಳೆಗಾಲದಲ್ಲಿ ಘಾಟಿ ರಸ್ತೆಗಳಲ್ಲಿ ಮಣ್ಣು ಕುಸಿದು ಸಂಚಾರ ನಿಲ್ಲುವುದುಂಟು, ಆಗುಂಬೆಯಲ್ಲಿ ಭಾರೀ ವಾಹನಗಳಿಗೆ ನಿರ್ಬಂಧವೂ ಇರುತ್ತದೆ. ದೊಡ್ಡ ಬಸ್ ಮಾಡಿಕೊಂಡು ಹೋಗುವವರು ಇದನ್ನು ಮೊದಲೇ ವಿಚಾರಿಸಬೇಕು.

ಎರಡನೆಯದು: ಕಾಸರಗೋಡಿನ ವಲಿಯಪರಂಬ

ಮಂಗಳೂರಿನಿಂದ ದಕ್ಷಿಣಕ್ಕೆ ರೈಲಿನಲ್ಲಿ ಹೋದರೆ ಕಾಸರಗೋಡು ಜಿಲ್ಲೆಯ ನೀಲೇಶ್ವರಂ ಸಿಗುತ್ತದೆ. ಅದರ ಹತ್ತಿರದ ಕೋಟ್ಟಪ್ಪುರಂ ಜೆಟ್ಟಿಯಿಂದ ವಲಿಯಪರಂಬ ಹಿನ್ನೀರಿಗೆ ಹೌಸ್‌ಬೋಟ್‌ಗಳು ಹೊರಡುತ್ತವೆ. ಇದು ಪಯ್ಯನ್ನೂರು ಬದಿಯ ಕವ್ವಾಯಿಯವರೆಗೆ ಹಬ್ಬಿದ ನೀರು. ಆಲಪ್ಪುಳದ ಗದ್ದಲ ಇಲ್ಲಿಲ್ಲ, ದೋಣಿಗಳ ಸಂಖ್ಯೆಯೂ ಕಡಿಮೆ, ಬೇಕಲ ಕೋಟೆಯೂ ದೂರವಿಲ್ಲ, ಮೇಲಾಗಿ ಕಾಸರಗೋಡಿನ ಕಡೆ ಕನ್ನಡ ತಿಳಿದವರು ಸಿಗುತ್ತಾರೆ. ವಯಸ್ಸಾದ ತಂದೆ ತಾಯಿಯನ್ನೋ ಅತ್ತೆ ಮಾವನನ್ನೋ ಕರೆದುಕೊಂಡು ಮೊದಲ ಬಾರಿಗೆ ನೀರಿನ ಮೇಲೆ ಒಂದು ರಾತ್ರಿ ತಂಗಬಯಸುವವರಿಗೆ ನಾನು ಆಲಪ್ಪುಳಕ್ಕಿಂತ ಮೊದಲು ಇದನ್ನೇ ಹೇಳುತ್ತೇನೆ. ತಂಗುವುದೇ ಉದ್ದೇಶವಾದರೆ ಇನ್ನೂ ನಾನೂರು ಕಿಲೋಮೀಟರ್ ದಕ್ಷಿಣಕ್ಕೆ ಹೋಗಬೇಕಾದ ಕಾರಣ ನನಗೆ ಕಾಣುವುದಿಲ್ಲ.

ಮೂರನೆಯದು: ಕೊಚ್ಚಿಯಿಂದ ಕೊಲ್ಲಂವರೆಗಿನ ಜಲಮಾರ್ಗ

ಪ್ರಯಾಣವೇ ಬೇಕೆನ್ನುವವರ ದಾರಿ ಇದು. ಕೊಡುಂಗಲ್ಲೂರಿನ ಬಳಿಯ ಕೊಟ್ಟಪ್ಪುರಂನಿಂದ ಕೊಲ್ಲಂವರೆಗಿನ 168 ಕಿಲೋಮೀಟರ್ ಪಶ್ಚಿಮ ಕರಾವಳಿ ಕಾಲುವೆಯನ್ನು 1993ರಲ್ಲಿ 3ನೇ ರಾಷ್ಟ್ರೀಯ ಜಲಮಾರ್ಗವೆಂದು ಘೋಷಿಸಲಾಯಿತು. 2016ರ ಕಾಯ್ದೆಯಿಂದ ಅದು ಉತ್ತರಕ್ಕೆ ಕೋಳಿಕ್ಕೋಡ್‌ವರೆಗೆ ವಿಸ್ತರಿಸಿತು. ಇದು ಒಂದೇ ಕಾಲುವೆಯಲ್ಲ. ಕಡಲಿಗೂ ನೆಲಕ್ಕೂ ನಡುವೆ ಉದ್ದಕ್ಕೆ ಬಿದ್ದಿರುವ ಸರೋವರಗಳನ್ನು ನದಿಗಳೂ ತೋಡುಗಳೂ ಒಂದಕ್ಕೊಂದು ಜೋಡಿಸಿವೆ. ಸಮುದ್ರದ ಬದಿಗೆ ಮರಳು ದಿಬ್ಬವಿರುವುದರಿಂದ ಅಲೆ ಒಳಗೆ ಬರುವುದಿಲ್ಲ. ಕೊಚ್ಚಿ, ಕಾಯಂಕುಳಂ, ನೀಂಡಕರಗಳಂಥ ಕೆಲವೆಡೆ ಅಳಿವೆ ತೆರೆದುಕೊಂಡು ಉಪ್ಪುನೀರು ಒಳಗೆ ಹೊರಗೆ ಆಡುತ್ತದೆ.

ಇಡೀ ದಾರಿಗೆ ಒಂದೇ ಟಿಕೆಟ್ ಸಿಗುವುದಿಲ್ಲ. ಕೇರಳ ರಾಜ್ಯ ಜಲಸಾರಿಗೆ ಇಲಾಖೆಯ ದೋಣಿಗಳನ್ನು ಒಂದಕ್ಕೊಂದು ಹೊಂದಿಸಿಕೊಂಡು, ನಡುವೆ ಅಲ್ಲಲ್ಲಿ ಬಸ್ಸು ಹಿಡಿದು ಸಾಗಬೇಕು. ಎರ್ನಾಕುಲಂನಲ್ಲಿ ಇಳಿದ ದಿನ ಫೋರ್ಟ್ ಕೊಚ್ಚಿಗೆ ದೋಣಿಯಲ್ಲೇ ಹೋಗಿ ಬರಬಹುದು. 2023ರಲ್ಲಿ ಆರಂಭವಾದ ವಾಟರ್ ಮೆಟ್ರೊದ ವಿದ್ಯುತ್ ದೋಣಿಗಳೂ ಇವೆ. ಮರುದಿನ ಬಸ್ಸಿನಲ್ಲಿ ವೈಕಂಗೆ ಹೋಗಬೇಕು. ದೇವಸ್ಥಾನದ ಸುತ್ತಲಿನ ರಸ್ತೆಗಳಲ್ಲಿ ಎಲ್ಲ ಜಾತಿಯವರೂ ನಡೆಯುವ ಹಕ್ಕಿಗಾಗಿ 1924–25ರಲ್ಲಿ ಸತ್ಯಾಗ್ರಹ ನಡೆದ ಊರು ಅದು. ದೋಣಿಗೆ ಸಮಯವಿದ್ದರೆ ಆ ಬೀದಿಗಳಲ್ಲಿ ನಡೆದು ಬರುವುದು ಸಾರ್ಥಕ. ವೈಕಂನಿಂದ ತವಣಕ್ಕಡವಿಗೆ ವೆಂಬನಾಡ್ ಸರೋವರವನ್ನು ದಾಟಿಸುವ ‘ಆದಿತ್ಯ’ ಎಂಬ ಸೌರ ದೋಣಿ 2017ರ ಜನವರಿಯಿಂದ ಓಡುತ್ತಿದೆ. ಎಪ್ಪತ್ತೈದು ಜನ ಕೂರುವ ಈ ದೋಣಿಯಲ್ಲಿ ಡೀಸೆಲ್ ಎಂಜಿನ್ನಿನ ಸದ್ದಿಲ್ಲ, ಕಾಲಡಿಯ ನಡುಕವೂ ಇಲ್ಲ. ದಾಟುವುದು ಕಾಲು ಗಂಟೆಯಷ್ಟಾದರೂ ನೀರು ಒಡಲಿಗೆ ತಾಗುವ ಶಬ್ದ ಕೇಳಿಸುವುದು ಈ ಇಡೀ ಪ್ರಯಾಣದಲ್ಲಿ ಇಂಥ ದೋಣಿಯಲ್ಲಿ ಮಾತ್ರ.

ಅಲ್ಲಿಂದ ಬಸ್ಸಿನಲ್ಲಿ ಮುಹಮ್ಮಕ್ಕೆ ಬಂದು ಮತ್ತೆ ಸರೋವರ ದಾಟಿ ಕುಮರಕಂ ಸೇರಬಹುದು. ಈ ದಾಟಿನಲ್ಲಿ ವೆಂಬನಾಡ್ ತನ್ನ ಅಗಲವನ್ನು ತೋರಿಸುತ್ತದೆ, ನಡುವೆ ಪಾದಿರಾಮಣಲ್ ನಡುಗಡ್ಡೆ ಕಾಣುತ್ತದೆ. ಕುಮರಕಂನಿಂದ ಕೊಟ್ಟಾಯಂಗೆ ಬಸ್ಸು, ಕೊಟ್ಟಾಯಂನಿಂದ ಆಲಪ್ಪುಳಕ್ಕೆ ಮತ್ತೆ ಇಲಾಖೆಯ ದೋಣಿ. ಎರಡೂವರೆ ಗಂಟೆಯಷ್ಟು ಹಿಡಿಯುವ ಈ ಕೊಟ್ಟಾಯಂ–ಆಲಪ್ಪುಳ ಹಾದಿಯನ್ನು ನಾನು ಎಲ್ಲಕ್ಕಿಂತ ಹೆಚ್ಚು ಇಷ್ಟಪಡುತ್ತೇನೆ. ಇದು ಪ್ರವಾಸಿಗರಿಗಾಗಿ ಓಡುವ ದೋಣಿಯಲ್ಲ. ಶಾಲೆಯ ಮಕ್ಕಳು, ಸಂತೆಯ ಚೀಲ ಹಿಡಿದ ಹೆಂಗಸರು, ಬ್ಯಾಂಕಿಗೆ ಹೊರಟ ಹಿರಿಯರು ತಮ್ಮ ತಮ್ಮ ಮನೆ ಬಾಗಿಲಿನಂಥ ಪುಟ್ಟ ಜೆಟ್ಟಿಗಳಲ್ಲಿ ಹತ್ತಿ ಇಳಿಯುತ್ತಾರೆ. ಹಳೆಯ ದೋಣಿಗಳಲ್ಲಿ ಮುಂದೆ ಚುಕ್ಕಾಣಿ ಹಿಡಿದ ಸ್ರಾಂಕ್ ಹಗ್ಗ ಎಳೆದು ಗಂಟೆ ಬಾರಿಸುತ್ತಾನೆ, ಆ ಸದ್ದನ್ನು ಕೇಳಿ ಎಂಜಿನ್ ಬಳಿ ಕೂತ ಚಾಲಕ ವೇಗ ಇಳಿಸುತ್ತಾನೆ, ದೋಣಿ ಇನ್ನೂ ಜಾರುತ್ತಿರುವಾಗಲೇ ಲಸ್ಕರ್ ದಡಕ್ಕೆ ಹಾರಿ ಕಂಬಕ್ಕೆ ಹಗ್ಗ ಸುತ್ತುತ್ತಾನೆ. ಟಿಕೆಟ್ಟಿನ ಬೆಲೆ ಹತ್ತಾರು ರೂಪಾಯಿಗಳಲ್ಲಿ ಮುಗಿಯುತ್ತದೆ.

ಭದ್ರಾ ಅಚ್ಚುಕಟ್ಟಿನ ಭತ್ತದ ರೈತರು ಈ ಹಾದಿಯಲ್ಲಿ ಕಿಟಕಿ ಬದಿಯ ಆಸನ ಬಿಟ್ಟುಕೊಡಬಾರದು. ಕುಟ್ಟನಾಡಿನ ಗದ್ದೆಗಳು ಸಮುದ್ರ ಮಟ್ಟಕ್ಕಿಂತ ಒಂದೆರಡು ಮೀಟರ್ ಕೆಳಗಿವೆ. ದೋಣಿ ಸಾಗುವ ನೀರು ಮೇಲೆ, ಏರಿಯ ಆಚೆಗಿನ ಪೈರು ಕೆಳಗೆ. ನಮ್ಮಲ್ಲಿ ನಾಲೆಯ ಕೊನೆ ಭಾಗಕ್ಕೆ ನೀರು ಮುಟ್ಟಿಸುವುದು ದೊಡ್ಡ ಚಿಂತೆಯಾದರೆ, ಅಲ್ಲಿ ಗದ್ದೆಯಿಂದ ನೀರು ಹೊರಹಾಕುವುದೇ ಬೇಸಾಯದ ಮೊದಲ ಕೆಲಸ. ಅದಕ್ಕೆ ‘ಪೆಟ್ಟಿ–ಪರ’ ಎಂಬ ಮರದ ಪಂಪು ಬಳಸುತ್ತಾರೆ: ನೆಟ್ಟಗೆ ನಿಲ್ಲಿಸಿದ ಪೀಪಾಯಿಯೊಳಗೆ ತಿರುಗುವ ರೆಕ್ಕೆಗಳು ನೀರನ್ನು ಮೇಲೆತ್ತುತ್ತವೆ, ಅದು ಉದ್ದನೆಯ ಮರದ ಪೆಟ್ಟಿಗೆಯ ಮೂಲಕ ಏರಿ ದಾಟಿ ತೋಡಿಗೆ ಬೀಳುತ್ತದೆ, ಪಕ್ಕದ ಶೆಡ್ಡಿನಲ್ಲಿರುವ ಮೋಟಾರು ಪಟ್ಟಿಯ ಮೂಲಕ ಅದನ್ನು ತಿರುಗಿಸುತ್ತದೆ. ಈ ಬೇಸಾಯ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಗುರುತಿಸಿದೆ.

ಆಲಪ್ಪುಳದಿಂದ ಕೊಲ್ಲಂವರೆಗಿನದು ದೀರ್ಘ ಹಂತ. ಪ್ರವಾಸಿ ದೋಣಿ ಬೆಳಗ್ಗೆ ಹತ್ತೂವರೆಗೆ ಹೊರಟು ಎಂಟು ಗಂಟೆ ಸಾಗಿ ಸಂಜೆ ಕೊಲ್ಲಂ ಮುಟ್ಟುವುದು ರೂಢಿ. ಇದು ಎಲ್ಲ ಕಾಲದಲ್ಲೂ ತಪ್ಪದೆ ಓಡುವ ಸೇವೆಯಲ್ಲವಾದ್ದರಿಂದ ಹೊರಡುವ ವಾರದಲ್ಲಿ ಆಲಪ್ಪುಳದ ಜೆಟ್ಟಿ ಕಚೇರಿಯಿಂದ ಖಚಿತಪಡಿಸಿಕೊಂಡೇ ಮುಂದುವರಿಯಬೇಕು. ಮೊದಲ ಗಂಟೆಗಳಲ್ಲಿ ತೆಂಗಿನ ಸಾಲಿನ ತೋಡುಗಳು. ಬಳಿಕ ಕುಟ್ಟನಾಡಿನ ನೆರೆನೀರನ್ನು ಕಡಲಿಗೆ ಬಿಡಲು ಕಟ್ಟಿದ ತೋಟ್ಟಪ್ಪಳ್ಳಿ ಕೋಡಿಯ ಪ್ರದೇಶ. ತ್ರಿಕ್ಕುನ್ನಪ್ಪುಳದ ಲಾಕ್ ಗೇಟು. ಆಮೇಲೆ ಕಾಯಂಕುಳಂ ಕಾಯಲಿನ (ಹಿನ್ನೀರಿನ) ಬಯಲು ನೀರು, ಚೀನೀ ಬಲೆಗಳು, ಕೊನೆಗೆ ಎಂಟು ತೋಳು ಚಾಚಿದ ಅಷ್ಟಮುಡಿ. ದಕ್ಷಿಣಕ್ಕೆ ಹೋಗುವಾಗ ಮಧ್ಯಾಹ್ನದ ನಂತರ ಬಿಸಿಲು ಬಲಗಡೆಯಿಂದ ಬೀಳುತ್ತದೆ, ಹಾಗಾಗಿ ಹಿರಿಯರನ್ನು ಎಡಬದಿಯಲ್ಲಿ ಕೂರಿಸಿ. ಮೇಲಟ್ಟದ ಆಸನಗಳು ಬೆಳಗ್ಗೆ ಹಿತ, ಹನ್ನೆರಡರಿಂದ ಮೂರರವರೆಗೆ ಕಷ್ಟ.

ಎಂಟು ಗಂಟೆ ಎಲ್ಲರಿಗೂ ಸಹ್ಯವಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಐದನೆಯ ಗಂಟೆಯ ಹೊತ್ತಿಗೆ ಚಿಕ್ಕ ಮಕ್ಕಳು ಬೇಸತ್ತು ಅಳುತ್ತಾರೆ. ಹತ್ತು ವರ್ಷದೊಳಗಿನ ಮಕ್ಕಳಿರುವ ಕುಟುಂಬ ಆಲಪ್ಪುಳದಿಂದ ರೈಲಿನಲ್ಲಿ ಕೊಲ್ಲಂಗೆ ಹೋಗಿ, ಅಲ್ಲಿ ಅಷ್ಟಮುಡಿಯಲ್ಲಿ ಎರಡು ಮೂರು ಗಂಟೆ ಸುತ್ತಾಡುವುದು ಉತ್ತಮ. ಕಲ್ಲಡ ನದಿ ಅಷ್ಟಮುಡಿ ಸೇರುವಲ್ಲಿರುವ ಮನ್ರೋ ತುರುತ್ತು ಎಂಬ ನಡುಗಡ್ಡೆಯ ಕಿರುದೋಣಿಗಳು ಅಂಬಿಗನ ಗಳುವಿನಿಂದ ಸಾಗುತ್ತವೆ, ತೀರ ಕಿರಿದಾದ ತೋಡುಗಳೊಳಗೆ ತಲೆ ತಗ್ಗಿಸಿ ಸೇತುವೆ ದಾಟಬೇಕಾಗುತ್ತದೆ. ಮಕ್ಕಳಿಗೆ ಇದು ದೊಡ್ಡ ದೋಣಿಗಿಂತ ಹಿಡಿಸುತ್ತದೆ. ಕೊಲ್ಲಂನಿಂದ ಇನ್ನೂ ದಕ್ಷಿಣಕ್ಕೆ, ತಿರುವನಂತಪುರದವರೆಗೆ ನೀರಿನಲ್ಲೇ ಹೋಗಬಹುದೇ ಎಂದು ಕೆಲವರು ಕೇಳುತ್ತಾರೆ. ವರ್ಕಲದ ಗುಡ್ಡ ಕೊರೆದು 19ನೇ ಶತಮಾನದಲ್ಲಿ ಮಾಡಿದ ಸುರಂಗ ಕಾಲುವೆಗಳು ಹೂಳು ತುಂಬಿ ದಶಕಗಳ ಕಾಲ ಬಳಕೆ ತಪ್ಪಿದ್ದವು. ಪ್ರವಾಸಿಯ ಲೆಕ್ಕದಲ್ಲಿ ದಾರಿ ಕೊಲ್ಲಂಗೇ ಮುಗಿಯುತ್ತದೆ.

ಹೌಸ್‌ಬೋಟ್ ಬೇಕೇ ಬೇಕೆನ್ನುವವರಿಗೆ

ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದು, ಮೊಳೆ ಬಳಸದೆ ಕಟ್ಟುತ್ತಿದ್ದ ಅಕ್ಕಿ ಸಾಗಿಸುವ ‘ಕೆಟ್ಟುವಳ್ಳಂ’ಗಳೇ ಇಂದಿನ ಹೌಸ್‌ಬೋಟ್‌ಗಳ ಮೂಲ. ಸಾಮಾನ್ಯವಾಗಿ ಮಧ್ಯಾಹ್ನ ಹನ್ನೆರಡಕ್ಕೆ ಹತ್ತಿಸಿಕೊಂಡು ಮರುದಿನ ಬೆಳಗ್ಗೆ ಒಂಬತ್ತಕ್ಕೆ ಇಳಿಸುತ್ತಾರೆ. ಸಂಜೆಯಾದ ಮೇಲೆ ಮೀನುಗಾರರು ಬಲೆ ಹಾಕುವುದರಿಂದ ಐದೂವರೆ, ಆರರ ಹೊತ್ತಿಗೆ ದೋಣಿಯನ್ನು ದಡಕ್ಕೆ ಕಟ್ಟಲೇಬೇಕು. ಊಟಕ್ಕೆ ನಿಲ್ಲುವುದನ್ನೂ ಕಳೆದರೆ ದೋಣಿ ನಿಜವಾಗಿ ಚಲಿಸುವುದು ಐದು ಗಂಟೆಯಷ್ಟೇ. ಬಾಡಿಗೆ ಒಪ್ಪುವ ಮೊದಲು ಎಲ್ಲೆಲ್ಲಿ ಹೋಗುತ್ತದೆ, ಎಷ್ಟು ಹೊತ್ತು ಓಡುತ್ತದೆ, ರಾತ್ರಿ ಎಲ್ಲಿ ಕಟ್ಟುತ್ತಾರೆ ಎಂಬ ಮೂರನ್ನು ಕೇಳಬೇಕು. ನೂರಾರು ದೋಣಿಗಳು ಒತ್ತೊತ್ತಾಗಿ ನಿಂತ ಜಾಗದಲ್ಲಿ ಕಟ್ಟಿದರೆ ರಾತ್ರಿಯಿಡೀ ಪಕ್ಕದ ಜನರೇಟರ್ ಸದ್ದು ಕೇಳುತ್ತಿರಬೇಕಾಗುತ್ತದೆ. ಎಸಿ ಇದೆ ಎಂದರೆ ಹಲವು ದೋಣಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಮಾತ್ರ ಎಂದರ್ಥ. ಹಗಲಿಡೀ ಬೇಕಾದರೆ ಬಾಡಿಗೆ ಬೇರೆ. ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗಿನ ವಾರದಲ್ಲಿ ದರ ಬಹಳ ಏರುತ್ತದೆ, ಆ ವಾರವನ್ನು ತಪ್ಪಿಸಿದರೆ ಅದೇ ದುಡ್ಡಿನಲ್ಲಿ ಇನ್ನೊಂದು ದಿನ ಕಳೆಯಬಹುದು.

ಊಟದ ವಿಷಯ ನಮ್ಮ ಕಡೆಯ ಸಸ್ಯಾಹಾರಿ ಮನೆಗಳಿಗೆ ಮುಖ್ಯ. ಹೌಸ್‌ಬೋಟಿನ ಅಡುಗೆಯವರು ಸಾಮಾನ್ಯವಾಗಿ ಕರಿಮೀನು ಹುರಿದು ಬಡಿಸುವ ತಯಾರಿಯಲ್ಲೇ ಇರುತ್ತಾರೆ. ಪಾತ್ರೆ, ಬಾಣಲೆ ಬೇರೆ ಬೇಕು, ಮೀನು ಕರಿದ ಎಣ್ಣೆ ಬೇಡ, ಕುಚ್ಚಲಕ್ಕಿಯ ಬದಲು ಬೆಳ್ತಿಗೆ ಅಕ್ಕಿಯ ಅನ್ನ ಬೇಕು ಎಂಬುದನ್ನು ಹತ್ತಿದ ಮೇಲೆ ಹೇಳಿದರೆ ಪ್ರಯೋಜನವಿಲ್ಲ. ಮುಂಗಡ ಕೊಡುವಾಗಲೇ ತಿಳಿಸಬೇಕು. ಹಾಗೆ ತಿಳಿಸಿದಲ್ಲಿ ಅವಿಯಲ್, ತೋರನ್, ಪಪ್ಪಡಂ ಸಹಿತ ಒಳ್ಳೆಯ ಊಟವೇ ಸಿಗುತ್ತದೆ, ಆದರೆ ಎಲ್ಲದರಲ್ಲೂ ಕೊಬ್ಬರಿ ಎಣ್ಣೆ ಇರುತ್ತದೆ. ಜೆಟ್ಟಿಯಿಂದ ಜೆಟ್ಟಿಗೆ ಸಾಗುವವರು ರೊಟ್ಟಿ, ಚಟ್ನಿಪುಡಿ, ಮಂಡಕ್ಕಿ ಕಟ್ಟಿಕೊಂಡು ಹೋಗುವುದು ಕ್ಷೇಮ. ಇಲಾಖೆಯ ಸಾಮಾನ್ಯ ದೋಣಿಗಳಲ್ಲಿ ತಿನ್ನಲು ಏನೂ ಸಿಗುವುದಿಲ್ಲ.

ಯಾವ ತಿಂಗಳು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು, ಅಕ್ಟೋಬರ್‌ನಿಂದ ನವೆಂಬರ್ ನಡುವಿನವರೆಗೆ ಹಿಂಗಾರಿನ ಸಂಜೆ ಮಳೆ. ಹವೆಯನ್ನಷ್ಟೇ ನೋಡಿ ಎಲ್ಲರೂ ಡಿಸೆಂಬರ್–ಜನವರಿ ಎನ್ನುತ್ತಾರೆ. ನೀರನ್ನು ನೋಡಿದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ವೆಂಬನಾಡಿನ ನಡುವೆ ತಣ್ಣೀರ್‌ಮುಕ್ಕಂ ಎಂಬಲ್ಲಿ ಉಪ್ಪುನೀರು ತಡೆಯುವ ಕಟ್ಟೆಯಿದೆ. ಕುಟ್ಟನಾಡಿನ ಭತ್ತಕ್ಕೆ ಉಪ್ಪು ತಾಗದಿರಲೆಂದು ಅದರ ಬಾಗಿಲುಗಳನ್ನು ಡಿಸೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ, ಕೊಯ್ಲು ತಡವಾದರೆ ಇನ್ನೂ ಮುಂದಕ್ಕೆ, ಮುಚ್ಚಿಡುವುದು ಪದ್ಧತಿ. ಮುಚ್ಚಿದ ಮೇಲೆ ದಕ್ಷಿಣದ ಬದಿಯ ನೀರಿಗೆ ಭರತ ಇಳಿತದ ಓಡಾಟ ನಿಲ್ಲುತ್ತದೆ, ಉಪ್ಪಿಗೆ ಸಾಯಬೇಕಾದ ಜಲಕಳೆ ಸೊಕ್ಕಿ ಬೆಳೆಯುತ್ತದೆ, ಕೊಳೆ ಉಳಿಯುತ್ತದೆ. ಕಿರಿದಾದ ತೋಡುಗಳಲ್ಲಿ ಕಳೆ ಮುಚ್ಚಿಕೊಂಡು ಕೊಟ್ಟಾಯಂ ದೋಣಿ ತನ್ನ ಮಾಮೂಲಿ ಜೆಟ್ಟಿಯವರೆಗೆ ಬರಲಾಗದ ದಿನಗಳೂ ಇರುತ್ತವೆ. ಆದ್ದರಿಂದ ಮಳೆ ತೊಳೆದ ನೀರು ಇನ್ನೂ ತಿಳಿಯಾಗಿರುವ, ಬಾಗಿಲು ಮುಚ್ಚುವ ಮುಂಚಿನ ಹದಿನೈದು ದಿನ, ಅಂದರೆ ನವೆಂಬರ್ ಕೊನೆಯಿಂದ ಡಿಸೆಂಬರ್ ಮಧ್ಯದವರೆಗಿನ ಅವಧಿ ದೋಣಿ ಪ್ರಯಾಣಕ್ಕೆ ನನ್ನ ಮೊದಲ ಆಯ್ಕೆ. ಹಸಿರು ಪೈರನ್ನೇ ನೋಡಬೇಕೆನ್ನುವ ರೈತರು ಮಾತ್ರ ಜನವರಿ ಕೊನೆ, ಫೆಬ್ರುವರಿ ಆರಿಸಿಕೊಳ್ಳಬೇಕು.

ಸುರಕ್ಷತೆ

ಅಲೆಯಿಲ್ಲದ ನೀರು ಎಂದ ಮಾತ್ರಕ್ಕೆ ಅಪಾಯವಿಲ್ಲದ ನೀರು ಎಂದಲ್ಲ. 2002ರ ಜುಲೈ 27ರಂದು ಮುಹಮ್ಮದಿಂದ ಕುಮರಕಂಗೆ ಹೊರಟ ದೋಣಿ ಮುಳುಗಿ 29 ಜನ ಸತ್ತರು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಜನ ಪ್ರಾಣ ಕಳೆದುಕೊಂಡರು. ಎರಡರಲ್ಲೂ ಮಿತಿಗಿಂತ ಹೆಚ್ಚು ಜನರಿದ್ದರು. ನಮ್ಮ ಕಡೆಯ ಹೆಚ್ಚಿನವರಿಗೆ ಈಜು ಬಾರದು. ಕೆರೆ ಬಾವಿಗಳಲ್ಲಿ ಈಜು ಕಲಿಯುವ ರೂಢಿಯೂ ಕಡಿಮೆಯಾಗಿದೆ. ದೋಣಿಯ ಮೇಲೆ ಬರೆದಿರುವ ಆಸನ ಸಂಖ್ಯೆಯನ್ನು ಓದಿ, ತಲೆ ಎಣಿಸಿ, ಹೆಚ್ಚಾಗಿದ್ದರೆ ಮುಂದಿನ ದೋಣಿಗೆ ಕಾಯಿರಿ. ಖಾಸಗಿ ದೋಣಿಯಾದರೆ ನೋಂದಣಿ ಮತ್ತು ಫಿಟ್‌ನೆಸ್ ಪತ್ರ ತೋರಿಸಲು ಕೇಳಿ. ಸರಿಯಾದ ಮಾಲೀಕರು ಬೇಸರಿಸುವುದಿಲ್ಲ. ಲೈಫ್ ಜಾಕೆಟ್ ಎಲ್ಲಿದೆ ಎಂದು ನೋಡಿಕೊಂಡರೆ ಸಾಲದು, ಮಕ್ಕಳ ಅಳತೆಯದು ಇದೆಯೇ ಎಂದು ತೊಡಿಸಿ ನೋಡಬೇಕು. ಕತ್ತಲಾದ ಮೇಲೆ ‘ಇನ್ನೊಂದು ಸುತ್ತು’ ಕರೆದೊಯ್ಯುತ್ತೇನೆ ಎನ್ನುವವರ ದೋಣಿಯನ್ನು ಹತ್ತಲೇಬಾರದು.

ಇಲ್ಲಿಂದ ಹೋಗಿ ಬರುವುದು

ಹುಬ್ಬಳ್ಳಿಯಿಂದ ಕೊಚುವೇಲಿಗೆ, ಈಗ ತಿರುವನಂತಪುರಂ ನಾರ್ತ್ ಎನ್ನುವ ನಿಲ್ದಾಣಕ್ಕೆ, ವಾರಕ್ಕೊಮ್ಮೆ ಹೋಗುವ ಎಕ್ಸ್‌ಪ್ರೆಸ್ ದಾವಣಗೆರೆಯಲ್ಲಿ ನಿಲ್ಲುತ್ತದೆ, ಎರ್ನಾಕುಲಂನಲ್ಲಿ ಇಳಿಯಬಹುದು. ಆ ದಿನ ಹೊಂದದಿದ್ದರೆ ಬೆಂಗಳೂರಿಗೆ ಹೋಗಿ ಅಲ್ಲಿಂದ ಕನ್ಯಾಕುಮಾರಿ ಎಕ್ಸ್‌ಪ್ರೆಸ್ ಹಿಡಿಯಬೇಕು. ಚಿತ್ರದುರ್ಗದವರಿಗೆ ಬಸ್ಸಿನಲ್ಲಿ ಬೆಂಗಳೂರು ಸೇರುವುದೇ ಸಲೀಸು. ಉಡುಪಿ ನೋಡಿಕೊಂಡು ಹೋಗುವವರಿಗೆ ಮಂಗಳೂರಿನಿಂದ ಆಲಪ್ಪುಳದ ಮೇಲೇ ಹೋಗುವ ಮಾವೇಲಿ ಎಕ್ಸ್‌ಪ್ರೆಸ್ ಇದೆ, ಆದರೆ ಅದು ನಸುಕಿಗೇ ಇಳಿಸುತ್ತದೆ. ಸ್ವಂತ ಕಾರಿನಲ್ಲಿ ಹೋಗುವುದನ್ನು ನಾನು ಒಪ್ಪುವುದಿಲ್ಲ: ಕೊಚ್ಚಿಯಲ್ಲಿ ಬಿಟ್ಟ ಕಾರಿಗಾಗಿ ಕೊಲ್ಲಂನಿಂದ ಮತ್ತೆ ಉತ್ತರಕ್ಕೆ ಬರಬೇಕಾಗುತ್ತದೆ, ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವ ಪ್ರಯಾಣದ ಅನುಕೂಲವೇ ಹೋಗುತ್ತದೆ. ಆಲಪ್ಪುಳದಲ್ಲಿ ದೋಣಿ ಜೆಟ್ಟಿಗೆ ಬಸ್ ನಿಲ್ದಾಣ ಹತ್ತಿರದಲ್ಲಿದೆ, ಕೊಲ್ಲಂನಲ್ಲಂತೂ ಅವೆರಡೂ ಅಕ್ಕಪಕ್ಕದಲ್ಲೇ ಇವೆ. ಹೆಗಲ ಚೀಲವಿದ್ದರೆ ಸಾಕು, ಗಾಲಿ ಪೆಟ್ಟಿಗೆಗಳು ದೋಣಿ ಹತ್ತುವಾಗ ಭಾರವಾಗುತ್ತವೆ.

ನವೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗೆ ಶಬರಿಮಲೆಯ ಕಾಲ. ನಮ್ಮ ಎರಡೂ ಜಿಲ್ಲೆಗಳಿಂದ ಮಾಲೆ ಧರಿಸಿದವರು ಇದೇ ರೈಲುಗಳಲ್ಲಿ ಹೊರಡುವುದರಿಂದ, ನಾನು ಮೆಚ್ಚುವ ಆ ಹದಿನೈದು ದಿನಗಳಲ್ಲಿ ಬರ್ತ್ ಸಿಗುವುದು ಕಠಿಣ. ಕಾಯ್ದಿರಿಸುವಿಕೆ 60 ದಿನ ಮುಂಚೆ ತೆರೆಯುತ್ತದೆ. ಅಂದೇ ಹೋಗುವ ಟಿಕೆಟ್, ಮರಳುವ ದಿನದ ಕಾಯ್ದಿರಿಸುವಿಕೆ ತೆರೆದ ಕೂಡಲೇ ಕೊಲ್ಲಂನಿಂದ ಮರಳುವ ಟಿಕೆಟ್ ಪಡೆದು, ಆಮೇಲೆ ತಂಗುವ ಕೋಣೆ, ಕೊನೆಯಲ್ಲಿ ಹೌಸ್‌ಬೋಟಿನ ಮಾತು ಎಂಬ ಕ್ರಮ ಇಟ್ಟುಕೊಳ್ಳಬೇಕು. ಇಲಾಖೆಯ ಸಾಮಾನ್ಯ ದೋಣಿಗಳಿಗೆ ಮುಂಗಡ ಬೇಕಿಲ್ಲ, ದೋಣಿ ಹೊರಡುವ ಅರ್ಧ ಗಂಟೆ ಮುಂಚೆ ಚಿಲ್ಲರೆ ಹಿಡಿದು ಜೆಟ್ಟಿಯಲ್ಲಿ ನಿಂತರಾಯಿತು.